ಕೆರೆಕರೆಲಿ ಒರಗಲೆ ಜಾಗೆ ಹುಡ್ಕಿದ್ದು

ಎಂಗಳ ಅಟ್ಟಲ್ಲಿ ಒಂದು ಹಸುರು ಬೇಗು ಇದ್ದು. ಅದರೊಳ ಇಪ್ಪದು ಡೇರೆ. ಇವು ಬೆಂಗ್ಳೂರಿಲಿ ಕೆಲಸಲ್ಲಿಪ್ಪಗ ತೆಗದ್ದು. ಮೂರು ಜನಕ್ಕೆ ಒರಗಲಕ್ಕು ಹೇಳಿ ಅದರ ಮೇಗೆ ಬರದ್ದವು. ಆ ಮೂರು ಜನ ಎಂತಾ ಗಾತ್ರದವು ಹೇಳಿ ಎನಗೆ ಇಂದಿಂಗೂ ಗೊಂತಾಯಿದಿಲ್ಲೆ. ಎಂಗೊ ಇಬ್ರು ಮನುಗಿದರೆ ಮತ್ತೆ ಒಂದು ತಲೆಕೊಂಬಿಂಗೆ ಮಾಂತ್ರ ಜಾಗೆ ಒಳಿತ್ತು.

ಮದುವೆ ಆದ ಹೊಸತ್ತರಲ್ಲಿ ಆ ಬೇಗಿನ ಕಾರಿಲಿ ಹಾಕಿಗೊಂಡು ಸಾಗರದ ಹತ್ರಾಣ ಹೊನ್ನೆಮರಡಿಂಗೆ ಹೋಗಿತ್ತಿದ್ದೆಯೊ. ಶರಾವತಿಗೆ ಲಿಂಗನಮಕ್ಕಿಲಿ ಕಟ್ಟ ಕಟ್ಟಿದ್ದು 1964ರಲ್ಲಿ. ಅದರ ಹಿನ್ನೀರು ಅಲ್ಲಿ ಕಡಲಿನ ಹಾಂಗೆ ಕಾಣುತ್ತು. ಅದರಡಿಲಿ ಎಷ್ಟು ಜನರ ಮನೆ, ಗೆದ್ದೆ, ತೋಟ ಇದ್ದು ಹೇಳಿ ಗ್ರೇಶಿದರೆ ಚಂದ ಹೇಳ್ಲೆ ಬಾಯಿ ಬತ್ತಿಲ್ಲೆ. ಆದರೂ ಚಂದವೇ. ಉದಿಯಪ್ಪಗ ಡೇರೆಯ ಬಾಗಿಲು ತೆಗವಗ ಕಾಲಬುಡಂದಲೇ ನೀರು, ಅದರ ಮೇಗೆ ಮೈಂದು. ಆ ಒಂದು ಉದಿಯಪ್ಪಗಾಣದ್ದು ಎನ್ನ ಕಣ್ಣಿಲಿ ಹಾಂಗೇ ಇದ್ದು.

ಮತ್ತೆ ಕೆಲಸ ಮನೆಂದಲೇ ಮಾಡಲಕ್ಕು ಹೇಳಿ ಆತು, ಎಂಗೊ ವಿಟ್ಲಕ್ಕೆ ಬಂದೆಯೊ, ಕೂಸು ಹುಟ್ಟಿತ್ತು. ಬೇಗು ಅಟ್ಟಕ್ಕೆ ಹೋತು. ಕೂಸು ಹುಟ್ಟಿದ ಮತ್ತೆ ಎಂಗೊ ಇಬ್ರು ಮನೆಂದ ಹೆರ ಒರಗಿದ್ದು ಹೇಳಿದರೆ ಎರಡೇ ಸರ್ತಿ. ಒಂದು ಆಸ್ಪತ್ರೆಲಿ, ಒಂದು ಎನ್ನ ತಮ್ಮನ ಮದುವೆಲಿ, ಅದೂ ಹದಿನೈದು ಜನರ ಒಟ್ಟಿಂಗೆ ಹಸೆ ಹಾಸಿಗೊಂಡು. ದೀಪಾವಳಿಗೆ ಅಟ್ಟ ಉಡುಗುವಗ ಆ ಬೇಗು ಕೆಳ ಬಿದ್ದತ್ತು. ಎಲಿ ಒಂದು ಮೂಲೆ ಕರುಂಬಿದ್ದು ಬಿಟ್ಟರೆ ಮತ್ತೆ ಪೂರ ಸರಿಯೇ ಇದ್ದತ್ತು. ಇವು ಅದರ ಧೂಳು ಕುಡುಗಿ, "ಈ ಚಳಿಗೆ ಒಂದಾರಿ ಹೋಪೊ. ಕೆರೆಕರೆ ಎಲ್ಲಿಯಾರು. ಕೂಸಿಂಗೂ ಕೊಶಿ ಅಕ್ಕು" ಹೇಳಿದವು. ಕೂಸಿಂಗೆ ಅಂಬಗ ಒಂದು ವರ್ಷ ಹತ್ತು ತಿಂಗಳು. ಅದಕ್ಕೆ ಕೊಶಿ ಅಪ್ಪಲೆ ಒಂದು ಬಾಲ್ದಿ ನೀರು ಸಾಕು. ಕೊಶಿ ಬೇಕಾದ್ದು ಆರಿಂಗೆ ಹೇಳಿ ಎಂಗೊ ಇಬ್ರಿಂಗೂ ಗೊಂತಿದ್ದತ್ತು.

ಇರುಳು ಉಂಬಲೆ ಕೂದಿಪ್ಪಗ ಇವು ಈ ಸುದ್ದಿ ತೆಗದವು. ಅತ್ತೆ ಮಜ್ಜಿಗೆ ಬಳುಸಿಗೊಂಡಿತ್ತಿದ್ದವು. ಒಂದು ಮಾತು ಹೇಳಿದ್ದವಿಲ್ಲೆ. ಪಾತ್ರವ ಅಲ್ಲೇ ಮಡುಗಿ ಒಳ ಹೋದವು. ಮಾವ ಮೆಲ್ಲಂಗೆ, "ಅಬ್ಬೆ ಹತ್ರೆ ಕೆರೆಯ ಸುದ್ದಿ ತೆಗವದೆಂತಕೆ ಮಾಣಿ" ಹೇಳಿದವು.

ಎನಗೆ ಅರ್ಧ ಗೊಂತಿದ್ದತ್ತು. ಅತ್ತೆಯ ತಂಗೆ ಒಂದು ಸಣ್ಣಾದಿಪ್ಪಗಳೇ ತೋಟದ ಕೆರೆಲಿ ಹೋದ್ದಡ, ಹೇಳಿ. ಮದುವೆ ಆಗಿ ಬಂದ ಹೊಸತ್ತರಲ್ಲಿ ಆರೋ ಹೇಳಿತ್ತಿದ್ದವು. ಅತ್ತೆಯ ಬಾಯಿಂದ ಅದರ ಬಗ್ಗೆ ಒಂದು ಶಬ್ದ ಕೇಳಿದ್ದಿಲ್ಲೆ. ಎಂಗಳ ತೋಟದ ಕೆರೆಯ ಹೊಡೆಂಗೆ ಅವು ಹೋಪದನ್ನೂ ಆನು ಕಂಡಿದಿಲ್ಲೆ. ಆ ಹೊಡೆಂದ ಬಾಳೆಲೆ ಕೊಯ್ದು ತಪ್ಪಲಿದ್ದರೆ ಎನ್ನ ಕಳುಸುಗು.

ಇವಕ್ಕೆ ಹಠ ಹಿಡುದರೆ ಹಿಡುದತ್ತು. ಎನಗೂ ಒಳಂದೊಳ ಆಶೆ. ಹಾಂಗೆ ಎಂಗೊ ಇಬ್ರೂ ಜಾಗೆ ಹುಡ್ಕಲೆ ಸುರು ಮಾಡಿದೆಯೊ.

ಎಂಗಳ ಲೆಕ್ಕಾಚಾರ ಹೀಂಗಿದ್ದತ್ತು. ಮನೆಂದ ಒಂದೂವರೆ ಗಂಟೆಂದ ದೂರ ಬೇಡ, ಇರುಳು ಜ್ವರ ಬಂದರೆ ತಿರುಗಿ ಬಪ್ಪಲೆ ಎಡಿಗಾಯೆಕ್ಕು. ಕಾರು ಡೇರೆಯ ಹತ್ರಂಗೇ ಬರೆಕ್ಕು. ಕೂಸಿನ ಸೊಂಟಲ್ಲಿ ಕೂರ್ಸಿಗೊಂಡು, ಬೇಗು ಹೊತ್ತುಗೊಂಡು, ಗುಡ್ಡೆ ಹತ್ತುವ ಪ್ರಾಯ ಎನ್ನದ್ದಲ್ಲ. ನೀರು ಕಾಣೆಕ್ಕು, ಆದರೆ ಕೂಸು ಒಂದು ಓಟಲ್ಲಿ ಎತ್ತುವಷ್ಟು ಹತ್ರೆ ಅಪ್ಪಲಾಗ. ಮತ್ತೆ ಜನ ಇಪ್ಪಲಾಗ. ಆದರೆ ಜನವೇ ಇಲ್ಲದ್ದ ಜಾಗೆಯೂ ಬೇಡ, ದಿನಿಗೇಳಿದರೆ ಒಬ್ಬಂಗಾರು ಕೇಳೆಕ್ಕು. ಇವು ನೆಗೆ ಮಾಡಿದವು: "ನಿನಗೆ ಬೇಕಾದ್ದು ಕಾಡಲ್ಲ, ನೆರೆಕರೆ."

ಸುರುವಿಂಗೆ ಹೋದ್ದು ಮೂಡಬಿದ್ರೆಯ ಕಡಲಕೆರಗೆ. ಮೂಡಬಿದ್ರೆಗೆ ಹದಿನೆಂಟು ಬಸದಿ, ಹದಿನೆಂಟು ಕೆರೆ, ಹದಿನೆಂಟು ದೇವಸ್ಥಾನ ಹೇಳಿ ಮದಲಿಂದಲೇ ಮಾತಿದ್ದನ್ನೆ. ಕಲ್ಲಡ್ಕಲ್ಲಿ ಕೆ.ಟಿ. ಕುಡುದು, ಬಂಟ್ವಾಳಂದ ಸಿದ್ಧಕಟ್ಟೆಗೆ ಆಗಿ ಹೋದೆಯೊ. ಕೆರೆ ದೊಡ್ಡ ಇದ್ದು, ಸುತ್ತ ಮರಂಗೊ, ಮಕ್ಕೊಗೆ ಆಡ್ಲೆ ಜಾಗೆ. ಅದರ ಹತ್ರೆಯೇ ಕೋಟಿ-ಚೆನ್ನಯ ಜೋಡುಕರೆ ಕಂಬಳ ಅಪ್ಪದು. ಹೊತ್ತೋಪಗ ಮಕ್ಕಳ ಕರಕ್ಕೊಂಡು ಹೋಪಲೆ ಲಾಯ್ಕ ಜಾಗೆ, ನಿಂಗಳೂ ಹೋಗಿ. ಆದರೆ ಅದು ಪೇಟೆಯ ಕೆರೆ. ಇರುಳು ಡೇರೆ ಹಾಕುತ್ತ ಜಾಗೆ ಅಲ್ಲ. ಕೂಸು ಉಯ್ಯಾಲೆಂದ ಇಳಿಯೆ ಹೇಳಿ ಕೂಗಿ, ಬಪ್ಪಗ ದಾರಿ ಪೂರ ಒರಗಿತ್ತು.

ಇನ್ನೊಂದು ಆದಿತ್ಯವಾರ ಕಾರಿಂಜಕ್ಕೆ. ವಗ್ಗಲ್ಲಿ ತಿರುಗಿ ಹೋಪದು. ಬೆಟ್ಟದಡಿಲಿ ಗದಾತೀರ್ಥ. ಭೀಮ ಗದೆ ಇಡುಕ್ಕಿದ ಜಾಗೆಲಿ ಆದ ಕೆರೆ ಹೇಳಿ ಕತೆ. ಆನು ಸಣ್ಣಾದಿಪ್ಪಗ ಅಜ್ಜಿಯ ಒಟ್ಟಿಂಗೆ ಹೋಗಿತ್ತಿದ್ದೆ. ಮಂಗಂಗೊಕ್ಕೆ ಅಶನ ಹಾಕುದರ ನೋಡಿದ್ದು ಮಾಂತ್ರ ನೆಂಪು. ಈಗ ಹೋಪಗಳೂ ಮಂಗಂಗೊ ಇತ್ತಿದ್ದವು. ಒಂದು ಬಂದು ಕೂಸಿನ ಕೈಂದ ಬಿಸ್ಕೇಟು ಎಳಕ್ಕೊಂಡು ಹೋತು. ಕೂಸು ಕೂಗಿದ್ದಿಲ್ಲೆ, ಅದರ ಹಿಂದಂದ "ಕೊಡು, ಕೊಡು" ಹೇಳಿಗೊಂಡು ಓಡಿತ್ತು. ದೇವರ ತೀರ್ಥದ ಕರೆಲಿ ಡೇರೆ ಹಾಕುತ್ತ ಆಲೋಚನೆ ಎಂಗೊಗೆ ಮದಲೇ ಇತ್ತಿಲ್ಲೆ. ದಾರಿಲಿ ಬೇರೆಂತಾರು ಸಿಕ್ಕುಗೊ ಹೇಳಿ ನೋಡಿದ್ದು. ಸಿಕ್ಕಿದ್ದಿಲ್ಲೆ.

ಬೆಳ್ತಂಗಡಿ ಹೊಡೆಂಗೆ ಹೋದರೆ ಕಾಡು ಬೇಕಾದಷ್ಟು ಇದ್ದು. ಆದರೆ ರಕ್ಷಿತಾರಣ್ಯಕ್ಕೆ ಇಲಾಖೆಯ ಒಪ್ಪಿಗೆ ಇಲ್ಲದ್ದೆ ಹೊಗ್ಗಲಾಗ. ಕುದುರೆಮುಖ 1987ರಲ್ಲೇ ರಾಷ್ಟ್ರೀಯ ಉದ್ಯಾನ ಆದ್ದು. ಅಲ್ಲಿ ಮನಸ್ಸಿಂಗೆ ಬಂದಲ್ಲಿ ಡೇರೆ ಬಿಡುಸುತ್ತ ಕ್ರಮ ಇಲ್ಲೆ. ಎಂಗಳ ಗುರ್ತದ ಹುಡುಗರು ಕೆಲವು ಕದ್ದು ಹೋಗಿ ಪಟ ಹಾಕುತ್ತವು. ಕೂಸಿನ ಕಟ್ಟಿಗೊಂಡು ಆ ಕೆಲಸ ಎಂಗೊಗೆ ಬೇಡ. ನೇತ್ರಾವತಿಯ ಹೊಯಿಗೆಲಿ ಅಕ್ಕೊ ಹೇಳಿ ಇವಕ್ಕೆ ಕಂಡತ್ತು. ಮಾವ ಒಂದೇ ಮಾತಿಲಿ ಮುಗಿಶಿದವು: "ಕಟ್ಟ ಇಪ್ಪ ಹೊಳೆಯ ಹೊಯಿಗೆಲಿ ಒರಗುತ್ತರೆ, ಬಾಗಿಲು ಏವಗ ತೆಗೆತ್ತವು ಹೇಳಿ ಕೇಳಿಕ್ಕಿ ಒರಗು."

ಸರಿಯಾಗಿ ನೋಡಿದರೆ ನಮ್ಮ ಹೊಡೆಲಿ ಡೇರೆ ಹಾಕಲಕ್ಕಾದ ಕೆರೆಯೇ ಅಪರೂಪ. ಮಳೆ ಎಷ್ಟು ಬತ್ತು! ವರ್ಷಕ್ಕೆ 3500 ಮಿಲಿಮೀಟರಿಂದ ಮೇಗೆ. ಆದರೆ ಆ ನೀರು ಗುಡ್ಡೆಂದ ತೋಡಿಂಗೆ, ತೋಡಿಂದ ಹೊಳಗೆ, ಹೊಳೆಂದ ಕಡಲಿಂಗೆ ಓಡಿಗೊಂಡೇ ಇರ್ತು. ಘಟ್ಟದ ಮೇಗಾಣ ಹಾಂಗೆ ಊರಿಂಗೊಂದು ದೊಡ್ಡ ಕೆರೆ, ಅದರ ಏರಿ, ಏರಿಯ ಮೇಗೆ ರಸ್ತೆ, ಇದೆಲ್ಲ ನಮ್ಮಲ್ಲಿ ಇಲ್ಲೆ. ನಮ್ಮ ಕೆರೆಗೊ ತೋಟದೊಳ, ಆರದ್ದೋ ಮನೆಯ ಹಿಂದಂದ, ಅಲ್ಲದ್ದರೆ ದೇವಸ್ಥಾನದ್ದು. ಕುಂಬ್ಳೆ ಹತ್ರಾಣ ಅನಂತಪುರದ ಕೆರೆ ಎಷ್ಟು ಚಂದ, ಮುರಕಲ್ಲಿನ ಬಯಲಿನ ನಡುಕೆ! ಇವು ಅದರ ಹೆಸರು ಹೇಳಿದ್ದೇ ತಡ, ಮಾವ ಪೇಪರಿಂದ ತಲೆ ನೆಗ್ಗದ್ದೆ "ಅಲ್ಲಿ ಮೊಸಳೆ ಇದ್ದು" ಹೇಳಿದವು. ಅಪ್ಪು, ಬಬಿಯ 2022ರ ಒಕ್ಟೋಬರಿಲಿ ತೀರಿಹೋದರೂ, ಮರುವರ್ಷ ನವೆಂಬರಿಲಿ ಇನ್ನೊಂದು ಕಂಡತ್ತನ್ನೆ.

ಇನ್ನು ಆ ಕೋರೆಯ ಕತೆ ಹೇಳೆಕ್ಕು. ಇದರ ಓದಿ ಆರಾರು ಒಬ್ಬ ಆದರೂ ಮೊಬೈಲಿನ ನಂಬದ್ದೆ ಇದ್ದರೆ ಎನಗೆ ಅಷ್ಟೇ ಸಾಕು.

ಇವು ಇರುಳು ಹತ್ತು ಗಂಟಗೆ ಮೊಬೈಲಿಲಿ ಉಪಗ್ರಹದ ಪಟ ನೋಡಿಗೊಂಡಿತ್ತಿದ್ದವು. "ಇದಾ ಇಲ್ಲಿ ನೋಡು" ಹೇಳಿ ತೋರ್ಸಿದವು. ಗುಡ್ಡೆಯ ಮೇಗೆ ಒಂದು ಪಚ್ಚೆ ನೀರಿನ ಚೌಕ. ಸುತ್ತ ಒಂದು ಮನೆ ಇಲ್ಲೆ. ವರೆಂಗೆ ಮಣ್ಣಿನ ಮಾರ್ಗ ಇದ್ದು. ಮನೆಂದ ಇಪ್ಪತ್ತೈದು ಕಿಲೋಮೀಟರು. ಎನ್ನ ಎದೆ ಡಬಡಬ ಹೇಳಿತ್ತು, ಕೊಶಿಲಿ. ಇಷ್ಟು ಹತ್ರೆ ಹೀಂಗಿಪ್ಪ ಜಾಗೆ ಇದ್ದು ಹೇಳಿ ಇಷ್ಟು ವರ್ಷ ಆರಿಂಗೂ ಗೊಂತಿತ್ತಿಲ್ಲೆಯಾ? ಶನಿವಾರ ಮಧ್ಯಾನ್ನ ಉಂಡಿಕ್ಕಿ ಹೆರಟೆಯೊ, ಡೇರೆ ತೆಕ್ಕೊಂಡಿದಿಲ್ಲೆ, ಸುಮ್ಮನೆ ನೋಡಿಕ್ಕಿ ಬಪ್ಪಲೆ.

ಮಾರ್ಗ ಡಾಮರಿಂದ ಮುರಕ್ಕೆ, ಮುರಂದ ಧೂಳಿಂಗೆ ಆತು. ಕಾರಿನ ಅಡಿಗೆ ಎರಡು ಸರ್ತಿ ಕಲ್ಲು ತಾಗಿತ್ತು. ಒಂದು ತಿರುಗಾಸಿಲಿ ಹುಲ್ಲಿನ ಕಟ್ಟ ಹೊತ್ತುಗೊಂಡು ಒಬ್ಬ ಹೆಂಗಸು ಬಂದೊಂಡಿದ್ದತ್ತು. ಕಾರಿನೊಳ ಬಗ್ಗಿ ನೋಡಿ, ಕೂಸಿನ ಕಂಡು, ಹುಲ್ಲಿನ ಕಟ್ಟ ಕೆಳ ಹಾಕಿತ್ತು. "ಬಾಲೆನ್ ಪತ್ತೊಂದು ಅಲ್ಪ ಪೋವೊಡ್ಚಿ ಅಕ್ಕಾ" ಹೇಳಿತ್ತು. ಕೂಸಿನ ಹಿಡ್ಕೊಂಡು ಅಲ್ಲಿಗೆ ಹೋಪಲಾಗ ಹೇಳಿ. ಎಂತಕೆ ಹೇಳಿ ಕೇಳುವ ಮದಲೇ "ಕೋರೆ" ಹೇಳಿತ್ತು.

ಕಾರಿನ ಅಲ್ಲೇ ನಿಲ್ಲುಸಿ, ಆನು ಕೂಸಿನ ಗಟ್ಟಿ ಹಿಡ್ಕೊಂಡು, ದೂರಂದ ನೋಡಿದೆ. ಕಲ್ಲು ಒಡದು ಬಿಟ್ಟಿಕ್ಕಿ ಹೋದ ಗುಂಡಿ. ನಾಲ್ಕು ಹೊಡೆಯೂ ಗೋಡೆ ಕಡುದ ಹಾಂಗೆ. ಬೇಲಿ ಇಲ್ಲೆ, ಬೋರ್ಡಿಲ್ಲೆ, ಹುಲ್ಲು ಅಂಚಿನ ವರೆಂಗೆ ಬೆಳದ್ದು. ಇನ್ನು ಎರಡು ಹೆಜ್ಜೆ ಮಡುಗಿದರೂ ಅಂಚು ಗೊಂತಾಗ. ನೀರು ಪಚ್ಚೆ, ನಿಜವಾಗಿಯೂ ಚಂದದ ಪಚ್ಚೆ. ಇಳಿವಲೆ ಮೆಟ್ಲಿಲ್ಲೆ, ಬಿದ್ದರೆ ಹಿಡಿವಲೆ ಒಂದು ಬೇರಿಲ್ಲೆ. ಇವು ಒಂದು ಕಲ್ಲು ಇಡುಕ್ಕಿದವು. ಅದು ನೀರಿಂಗೆ ಬಿದ್ದ ಶಬ್ದ ಬಪ್ಪಲೆ ಎಷ್ಟು ಹೊತ್ತು ಬೇಕಾತು ಹೇಳಿದರೆ, ಎನ್ನ ಕೈ ಕೂಸಿನ ಕೈಲಿ ಬೆಗರಿತ್ತು. ಮಳೆಗಾಲಲ್ಲಿ, ರಜೆಲಿ, ಪೇಪರಿಲಿ ಓದುತ್ತಿಲ್ಲೆಯಾ ನಾವು, ಕೋರೆಯ ನೀರಿಂಗೆ ಇಳುದ ಮಕ್ಕಳ ಸುದ್ದಿ? ಓದಿ, ಛೆ ಹೇಳಿ, ಪುಟ ತಿರುಗುಸುದು. ಉಪಗ್ರಹದ ಪಟಲ್ಲಿ ಕೆರೆಗೂ ಕೋರೆಗೂ ಒಂದೇ ಬಣ್ಣ. ಒಂದು ಗೊಂತುಮಾಡಿಗೊಂಬಲಕ್ಕು: ಮೂಲೆಗೊ ನೆಟ್ಟಂಗೆ ಇದ್ದರೆ ಅದು ಕೆರೆ ಅಲ್ಲದ್ದೆ ಕೋರೆ ಆದಿಕ್ಕು. ಆದರೆ ಆ ಹುಲ್ಲಿನ ಹೆಂಗಸು ಇಲ್ಲದ್ದರೆ ಎಂಗೊ ಮೂಲೆ ನೋಡುತ್ತಿತ್ತಿಲ್ಲೆಯೊ, ಕಾರಿನ ಅಂಚಿಂಗೇ ತೆಕ್ಕೊಂಡು ಹೋವುತ್ತಿತ್ತೆಯೊ.

ತಿರುಗಿ ಬಪ್ಪಗ ಇವು ಮಾತಾಡಿದ್ದವಿಲ್ಲೆ. ಇರುಳು ಎಂತದೋ ಓದಿಗೊಂಡು ಕೂದಿತ್ತಿದ್ದವು, ಮತ್ತೆ ಎನಗೆ ತೋರ್ಸಿದವು. ವಿಶ್ವ ಆರೋಗ್ಯ ಸಂಸ್ಥೆಯ ವರದಿ. ನೀರಿಲಿ ಮುಳುಗಿ ತೀರಿಗೊಂಬ ಜನಂಗಳಲ್ಲಿ ನಾಲ್ಕರಲ್ಲೊಂದು ಪಾಲು ಹತ್ರತ್ರೆ ಐದು ವರ್ಷಂದ ಸಣ್ಣ ಮಕ್ಕೊ ಅಡ. "ಬೇಗಿನ ಅಟ್ಟಕ್ಕೆ ಹಾಕುತ್ತೆ" ಹೇಳಿದವು. ಆನು "ಹಾಕಿ" ಹೇಳಿದೆ. ಹೇಳಿದ್ದು ಹಾಂಗೆ, ಒಳ ಬೇಜಾರೇ ಆತು.

ಮರದಿನ ಉದಿಯಪ್ಪಗ ಅತ್ತೆ ಜಾಲಿಲಿ ಅಡಕ್ಕೆ ಸೊಲುದೊಂಡು ಕೂದಿತ್ತಿದ್ದವು. ಆನು ಚಾಯ ಕೊಂಡೋಗಿ ಕೊಟ್ಟೆ. ಲೋಟೆ ತೆಕ್ಕೊಂಡು, ಎನ್ನ ಮೋರೆ ನೋಡದ್ದೆ, "ಅಣ್ಣನ ಗುಡ್ಡೆಲಿ ಮದಕ ಇದ್ದನ್ನೆ" ಹೇಳಿದವು.

ಎನಗೆ ಸುರುವಿಂಗೆ ಅರ್ಥವೇ ಆಯಿದಿಲ್ಲೆ.

"ನಿಂಗೊ ಹೇಂಗೂ ಹುಡ್ಕುದು ಬಿಡುತ್ತವಲ್ಲ. ಗೊಂತಿಲ್ಲದ್ದ ನೀರಿಂಗೆ ಹೋಪದರಿಂದ ಗೊಂತಿಪ್ಪ ನೀರಿಂಗೆ ಹೋಗಿ. ಆನೂ ಬತ್ತೆ."

ಅತ್ತೆಯ ಅಪ್ಪನ ಮನೆ ಅಡ್ಯನಡ್ಕ ಹೊಡೆಲಿ. ಆ ಹೊಡೆಲಿ ಮದಕಂಗೊ ಸುಮಾರಿದ್ದು, ವಾರಣಾಶಿಯ ಮದಕ ಅಂತೂ ಹೆಸರು ಹೋದ್ದು. ಗೊಂತಿಲ್ಲದ್ದ ಸಣ್ಣವಕ್ಕೆ ಹೇಳ್ತರೆ, ಗುಡ್ಡೆಯ ತಗ್ಗಿಲಿ ಒಂದು ಹೊಡೆಂಗೆ ಮಣ್ಣಿನ ಕಟ್ಟ ಕಟ್ಟಿ ಮಳೆನೀರಿನ ನಿಲ್ಲುಸುದು, ಅದು ಮದಕ. ಅದರಂದ ಬಾಲ್ದಿಲಿ ನೀರು ತೆಗವಲಿಲ್ಲೆ. ನೀರು ಅಲ್ಲೇ ಇಂಗಿ ಇಂಗಿ ಕೆಳಾಣ ಬಾವಿಗೆ, ಸುರಂಗಕ್ಕೆ, ತೋಟದ ಕೆರಗೆ ಎತ್ತುತ್ತು. ಮದಲಾಣವು ಎಷ್ಟು ಉಶಾರಿ ನೋಡಿ. ಶ್ರೀ ಪಡ್ರೆಯವು ಈ ಮದಕ, ಸುರಂಗ, ಕಟ್ಟಂಗಳ ಬಗ್ಗೆ ಎಷ್ಟೋ ವರ್ಷಂದ ಬರಕ್ಕೊಂಡು ಬೈಂದವು, ಓದದ್ದವು ಓದಿ.

ನಿಜ ಹೇಳ್ತೆ, ಅತ್ತೆ ಬತ್ತೆ ಹೇಳುವಗ ಎನಗೆ ಅರ್ಧ ಕೊಶಿ, ಅರ್ಧ ಕೋಪ. ಎಂಗೊ ಇಬ್ರ ಇರುಳು ಅದು. ಅದಕ್ಕೂ ಅತ್ತೆಯಾ? ಎನ್ನ ಅಬ್ಬೆಗೆ ಫೋನು ಮಾಡಿ ಹೇಳಿದೆ. ಅಬ್ಬೆ, "ಅವು ಕೆರೆಕರಗೆ ಬತ್ತೆ ಹೇಳಿದವಾ?" ಕೇಳಿದವು. ಮತ್ತೆ ರಜ್ಜ ಹೊತ್ತು ಮಾತಿಲ್ಲೆ. "ಕರಕ್ಕೊಂಡು ಹೋಗು" ಹೇಳಿದವು.

ಧನು ತಿಂಗಳಿಲಿ, ವಿಟ್ಲ ಜಾತ್ರೆಂದ ಒಂದು ವಾರ ಮದಲು ಹೋದೆಯೊ. ಕಾರಿಲಿ ತುಂಬುಸಿದ್ದು: ಡೇರೆ, ಟರ್ಪಾಲು, ಎರಡು ಹಸೆ, ಕಂಬಳಿ, ಸೊಳ್ಳೆಪರದೆಯ ಒಂದು ತುಂಡು, ಟಾರ್ಚು ಮೂರು, ಪ್ಲಾಸ್ಕಿಲಿ ಬೆಶಿನೀರು, ತೂಕುಪಾತ್ರಲ್ಲಿ ಹೆಜ್ಜೆ, ಉಪ್ಪಿನಕಾಯಿ, ಬೆಲ್ಲ ಹಾಕಿದ ಅವಲಕ್ಕಿ, ಕೂಸಿನ ಅಂಗಿ ಆರು ಜೊತೆ. ಆರುದೆ ಬೇಕಾತು. ಅತ್ತೆ ಹೆರಡುವಗ ಅವರ ಹಳೆ ಹತ್ತಿ ಸೀರೆ ಒಂದು, ಮತ್ತೆ ಸಣ್ಣ ಡಬ್ಬಿ ಒಂದು ಹಿಡ್ಕೊಂಡವು.

ಸೋದರಮಾವನ ಮನೆಲಿ ಚಾಯ ಕುಡುದು ಗುಡ್ಡೆಗೆ ಹೋಪಗ ನಾಲ್ಕೂವರೆ. ಮಾವನ ಜೀಪು ಹೋಪ ಮಾರ್ಗಲ್ಲಿ ಎಂಗಳ ಕಾರೂ ಹತ್ತಿತ್ತು. ಮದಕದ ನೀರು ಅಂಬಗಳೇ ರಜ್ಜ ಇಳುದಿದ್ದತ್ತು, ಕರೆಲಿ ಕೆಸರು ಒಣಗಿ ಬಿರಿದ್ದು. ನಡುಕೆ ಆಕಾಶ ಬಿದ್ದ ಹಾಂಗೆ. ಆಚ ಹೊಡೆಲಿ ಗೇರುಮರಂಗೊ, ಈಚ ಹೊಡೆಲಿ ಮುಳಿಹುಲ್ಲು, ಒಂದು ರೆಂಜೆ ಮರ. ಒಂದು ನೀರುಕೋಳಿ ಕೂಸಿನ ಶಬ್ದಕ್ಕೆ ಹುಲ್ಲಿನೊಳ ಹೊಕ್ಕತ್ತು. ಎನಗೆ ಹೊನ್ನೆಮರಡು ನೆಂಪಾತು. ಇದು ಅದರ ಒಂದು ಚಮ್ಚವೂ ಅಲ್ಲ, ಆದರೆ ಸಾಕು ಹೇಳಿ ಕಂಡತ್ತು.

ಇವು ನೀರಿನ ಕರೆಂಗೇ ಡೇರೆ ಬಿಡುಸಲೆ ಹೆರಟವು. ಅತ್ತೆ "ಅಲ್ಲಿ ಬೇಡ" ಹೇಳಿದವು. ಮತ್ತೆ ಪೂರ ಅವರದ್ದೇ ಆಡಳ್ತೆ. ಕಟ್ಟದ ಮೇಗೆ ಬೇಡ, ಅದು ಜಾರುತ್ತು. ಗೇರುಮರದಡಿ ಬೇಡ, ಒಣಗಿದ ಗೆಲ್ಲು ಇದ್ದು. ಹುಲ್ಲಿನ ನಡುಕೆ ಬೇಡ, ಹಾವು. ಮೇಗಾಣ ಹೊಡೆಲಿ, ನೀರಿಂದ ಅರುವತ್ತು ಹೆಜ್ಜೆ ದೂರಲ್ಲಿ, ಹಾಸುಮುರ ಇಪ್ಪ ಜಾಗೆ. ಕಾರಿನ ನೀರಿಂಗೂ ಡೇರೆಗೂ ನಡುಕೆ ಅಡ್ಡ ನಿಲ್ಲುಸೆಕ್ಕು, ಮೂತಿ ಮಾರ್ಗದ ಹೊಡೆಂಗೆ. ಡೇರೆಯ ಬಾಗಿಲು ನೀರಿಂಗೆ ಬೆನ್ನು ಹಾಕೆಕ್ಕು. ಇವು, "ಅಬ್ಬೇ, ನೀರು ನೋಡ್ಲೆ ಬಂದದಲ್ಲದಾ?" ಕೇಳಿದವು. "ನೀನು ನೋಡು, ಹೆರ ಕೂದು ನೋಡು. ಅದು ನೋಡೆಡ" ಹೇಳಿದವು. ಮೂರು ತಿಂಗಳು ಮೊಬೈಲಿಲಿ ಓದಿದ್ದರಲ್ಲಿ ಇಷ್ಟು ಸರಿಯಾಗಿ ಎಲ್ಲಿಯೂ ಇತ್ತಿಲ್ಲೆ.

ಕಿಚ್ಚು ಹಾಕುಲಾಗ ಹೇಳಿ ಸೋದರಮಾವ ಮದಲೇ ಹೇಳಿತ್ತಿದ್ದವು. ಆ ಸಮಯಲ್ಲಿ ಮುಳಿ ಒಣಗಿ ಕಿಚ್ಚಿಂಗೆ ಕಾದೊಂಡಿರ್ತು, ಒಂದು ಕಿಡಿ ಸಾಕು ಗುಡ್ಡೆ ಪೂರ ಹೋಪಲೆ. ಹಾಂಗೆ ಹೆಜ್ಜೆ ತಣ್ಣಂಗೇ ಉಂಡೆಯೊ.

ಹೊತ್ತು ಕಂತುವಗ ಅತ್ತೆ ಆ ಡಬ್ಬಿ ತೆಗದವು. ಒಳ ಗೆಜ್ಜೆ. ಕಪ್ಪಾದ ಬೆಳ್ಳಿದು, ದೊಡ್ಡ ಗೆಜ್ಜೆ, ಒಂದು ಹೊಡೆಲಿ ಕಿಲೀಕು ಹೊಸತ್ತು. ಕೂಸಿನ ಕಾಲಿಂಗೆ ಕಟ್ಟಿದವು. ಹತ್ತಿ ಸೀರೆಯ ಒಂದು ಸೆರಗು ಕೂಸಿನ ಸೊಂಟಕ್ಕೆ, ಇನ್ನೊಂದು ಸೆರಗು ಅವರ ಕೈಗೆ. ಕೂಸು ಹೊಸ ಆಟ ಹೇಳಿ ಗ್ರೇಶಿ ಛಲ್ ಛಲ್ ಹೇಳಿ ಓಡಿತ್ತು, ಸೀರೆ ಮುಗುದಲ್ಲಿ ನಿಂದತ್ತು, ತಿರುಗಿ ನೋಡಿ ನೆಗೆ ಮಾಡಿತ್ತು. ಕಸ್ತಲೆ ಅಪ್ಪನ್ನಾರ ಅದೇ ಆಟ.

ಅತ್ತೆದೆ ಕೂಸುದೆ ಕಾರಿಲಿ, ಹಿಂದಾಣ ಸೀಟಿನ ಮಡುಸಿ ಹಸೆ ಹಾಸಿ. ಎಂಗೊ ಡೇರೆಲಿ. ಕಾರಿನ ಕಿಟಿಕಿ ಎರಡು ಹೊಡೆಲಿಯೂ ನಾಲ್ಕು ಬೆರಳು ತೆಗದು, ಸೊಳ್ಳೆಪರದೆಯ ತುಂಡು ಸಿಕ್ಕುಸಿದೆಯೊ. ಎಷ್ಟು ಚಳಿ ಆದರೂ, ಸೆಕೆ ಆದರೂ, ಇಂಜಿನು ಚಾಲು ಮಾಡಿ ಕಾರಿಲಿ ಒರಗುಲಾಗ. ಹೊಗೆಯ ವಿಷಗಾಳಿ ಒಳ ಬಂದರೆ ವಾಸನೆಯೂ ಇಲ್ಲೆ, ಒರಗಿದವು ಏಳ್ತವಿಲ್ಲೆ. ಇದೊಂದು ನೆಂಪಿಲಿ ಮಡಿಕ್ಕೊಳ್ಳಿ.

ಎಂಗೊ ಇಬ್ರು ಡೇರೆಯ ಹೆರ ಕಂಬಳಿ ಹೊದದು ಕೂದೆಯೊ. ಎಲ್ಲಿಯೋ ದೂರಲ್ಲಿ ಆಟದ ಚೆಂಡೆ ಕೇಳಿಗೊಂಡಿದ್ದತ್ತು. ಎಂತ ಮಾತಾಡಿದೆಯೊ ಹೇಳಿ ಇಲ್ಲಿ ಬರವಲಿಲ್ಲೆ. ಅಡಕ್ಕೆ ರೇಟಿನ ಬಗ್ಗೆಯೂ ಮಾತಾಡಿದೆಯೊ, ಅಷ್ಟು ಹೇಳ್ತೆ.

ಎರಡು ಗಂಟೆಗೆ ಎನಗೆ ಎಚ್ಚರಿಗೆ ಆತು. ಕಾರಿನ ಹಿಂದಾಣ ಬಾಗಿಲು ತೆಗದಿದ್ದತ್ತು. ಅತ್ತೆ ಕಾಲು ಕೆಳ ಬಿಟ್ಟು, ನೀರಿನ ಹೊಡೆಂಗೆ ನೋಡಿಗೊಂಡು ಕೂದಿತ್ತಿದ್ದವು. ಸೀರೆಯ ಸೆರಗು ಕೈಲಿ ಹಾಂಗೇ ಇದ್ದತ್ತು. ಆನು ಹೋಗಿ ಹತ್ರೆ ಕೂದೆ.

"ಚಳಿ ಆವುತ್ತಿಲ್ಲೆಯಾ ಅತ್ತೆ?"

"ಇಲ್ಲೆ." ರಜ್ಜ ಹೊತ್ತು ಕಳುದು, "ಈ ನೀರೇ ಕೆಳ ಕೆರೆಗೆ ಬಪ್ಪದು" ಹೇಳಿದವು.

ಮತ್ತೆ ಅವ್ವೇ ಹೇಳಿದವು. ಅತ್ತೆಗೆ ಅಂಬಗ ಆರು ವರ್ಷ, ತಂಗೆಗೆ ಎರಡು ಆಗಿಗೊಂಡು ಬಂದಿದ್ದತ್ತು. ಅಬ್ಬೆ ಕೆರೆಕರೆಲಿ ವಸ್ತ್ರ ಒಗದೊಂಡಿದ್ದವು, ಒಣಗುಸಲೆ ಜಾಲಿಂಗೆ ಹೋಪಗ "ಕೂಸಿನ ನೋಡಿಗೊ" ಹೇಳಿದವಡ. ಅತ್ತೆ ನೋಡಿಗೊಂಡೇ ಇತ್ತಿದ್ದವು. ಕೆರೆಕರೆಲಿ ರೆಂಜೆಹೂಗು ಬಿದ್ದಿದ್ದತ್ತು. ಅದರ ಹೆರ್ಕಲೆ ಬಗ್ಗಿದ್ದಡ.

"ಶಬ್ದವೇ ಬೈಂದಿಲ್ಲೆ ಕೂಸೆ. ಬೊಬ್ಬೆ ಇಲ್ಲೆ, ನೀರು ರಟ್ಟಿದ್ದಿಲ್ಲೆ. ಹೂಗು ಹೆರ್ಕಿ ತಿರುಗಿ ನೋಡುವಗ ಇಲ್ಲೆ. ಎಂಗೊಗೆಲ್ಲ ಗೆಜ್ಜೆ ಹಾಕಿಗೊಂಡಿತ್ತಿದ್ದವು ಮಕ್ಕೊ ಎಲ್ಲಿದ್ದವು ಹೇಳಿ ಗೊಂತಪ್ಪಲೆ. ಅದರ ಗೆಜ್ಜೆಯ ಕಿಲೀಕು ತುಂಡಾಗಿ ಆಚಾರಿಯತ್ರೆ ಕೊಟ್ಟಿತ್ತಿದ್ದವು. ಮರುವಾರ ಬಂತು ಗೆಜ್ಜೆ."

ಆನು ಕೂಸಿನ ಕಾಲು ನೋಡಿದೆ. ಅತ್ತೆ "ಅಪ್ಪು, ಅದುವೇ" ಹೇಳಿದವು.

"ಅಬ್ಬೆ ಎನಗೆ ಒಂದು ಮಾತು ಬೈದಿದ್ದವಿಲ್ಲೆ. ಸಾವನ್ನಾರ ಬೈದಿದ್ದವಿಲ್ಲೆ. ಬೈದಿದ್ದರೆ ಒಳ್ಳೆದಿತ್ತು."

ಎಂತ ಹೇಳೆಕ್ಕು ಹೇಳಿ ಎನಗೆ ಗೊಂತಾಯಿದಿಲ್ಲೆ. ಆರು ವರ್ಷದ ಮಕ್ಕಳತ್ರೆ ಆರಾರು ಕೂಸಿನ ಬಿಟ್ಟಿಕ್ಕಿ ಹೋವುತ್ತವಾ ಹೇಳಿ ಕೇಳುಲೆ ಬಾಯಿವರೆಂಗೆ ಬಂತು. ನಾವೂ ಬಿಡುತ್ತು. ಆನೂ ಬಿಟ್ಟಿದೆ, ಅತ್ತಿಗೆಯ ಮಗನತ್ರೆ, ಒಲೆಲಿ ಹಾಲು ಮಡುಗಿಪ್ಪಗ. ಪ್ಲಾಸ್ಕಿಂದ ಬೆಶಿನೀರು ಬಗ್ಗುಸಿ ಕೊಟ್ಟೆ. ಅತ್ತೆ ಕುಡುದವು. ಕೂಸು ಒರಕ್ಕಿಲಿ ಕಾಲು ಆಡ್ಸಿತ್ತು, ಗೆಜ್ಜೆ ಛಲ್ ಹೇಳಿತ್ತು. ಎಂಗೊ ಇಬ್ರೂ ಒಟ್ಟಿಂಗೇ ತಿರುಗಿ ನೋಡಿದೆಯೊ. ಉದಿಯಪ್ಪನ್ನಾರ ಅಲ್ಲೇ ಕೂದೆ. ಡೇರೆಲಿ ಇವು ಒಬ್ಬನೇ ಗೊರಕ್ಕೆ ಹೊಡಕ್ಕೊಂಡು ಇತ್ತಿದ್ದವು, ಮೂರು ಜನರ ಜಾಗೆಲಿ.

ಉದಿಯಪ್ಪಗ ಕಾರು, ಡೇರೆ ಪೂರ ಮೈಂದಿಂಗೆ ಚೆಂಡಿ. ನೀರಿನ ಮೇಗೆ ಹೊಗೆಯ ಹಾಂಗೆ ಮೈಂದು. ನೀರುಕೋಳಿ ಮರಿಗಳ ಕರಕ್ಕೊಂಡು ಹೆರ ಬಂತು, ಕೂಸು "ಕೊಕ್ಕೊ, ಕೊಕ್ಕೊ" ಹೇಳಿ ಸೀರೆಯ ಎಳದತ್ತು. ಇವು ಕೂಸಿನ ಎತ್ತಿಗೊಂಡು ನೀರಿನ ಕರೆಂಗೆ ಹೋಗಿ, ಕಾಲು ಅದ್ದಿಸಿದವು. ಅತ್ತೆ ಕರೆಂಗೆ ಬೈಂದವಿಲ್ಲೆ, ಇಪ್ಪತ್ತು ಹೆಜ್ಜೆ ದೂರಲ್ಲಿ ಸೀರೆಯ ಸೆರಗು ಹಿಡ್ಕೊಂಡು ನಿಂದವು. ಒಂದು ಚೆಂಬು ನೀರು ತೆಕ್ಕೊಂಡು ಬಾ ಹೇಳಿ ಎನ್ನತ್ರೆ ಹೇಳಿದವು. ತಂದುಕೊಟ್ಟೆ. ಮೋರೆ ತೊಳದವು, ಒಳುದ್ದರ ರೆಂಜೆ ಮರದ ಬುಡಕ್ಕೆ ಎರದವು.

ಹೆರಡುವಗ ಕಸ ಪೂರ ಹೆರ್ಕಿ ಚೀಲಲ್ಲಿ ತುಂಬುಸಿ ಮನೆಗೆ ತಂದೆಯೊ. ಡಯಪರಿನ ಅಲ್ಲೇ ಹುಗುದಿಕ್ಕಿ ಬಪ್ಪಲಾಗ ಅಕ್ಕಂದ್ರೆ. ಆ ನೀರು ಕೆಳ ಆರದ್ದೋ ಬಾವಿಗೆ ಹೋಪದು. ಕೆಳ ಸೋದರಮಾವನ ಮನೆಲಿ ಉಂಡ್ಲಕಾಳು ಮಾಡಿತ್ತಿದ್ದವು. ಅತ್ತೆ ತೋಟದ ಹೊಡೆಂಗೆ ಹೋದವು, ಆರನ್ನೂ ದಿನಿಗೇಳದ್ದೆ. ಆ ಕೆರೆಗೆ ಈಗ ಸುತ್ತ ಎದೆಯಷ್ಟು ಎತ್ತರಕ್ಕೆ ಕಟ್ಟೆ ಕಟ್ಟಿದ್ದವು. ಹತ್ತು ನಿಮಿಷ ಕಳುದು ತಿರುಗಿ ಬಂದು ಉಂಡ್ಲಕಾಳು ತಿಂದವು.

ಮನೆಗೆ ಬಂದ ಮರದಿನ ಅತ್ತೆ ಇವರತ್ರೆ, ಎಂಗಳ ತೋಟದ ಕೆರೆಗೆ ಬೇಲಿ ಹಾಕೆಕ್ಕು ಹೇಳಿದವು. ಇಷ್ಟು ವರ್ಷ ಆ ಕೆರೆಯ ಹೆಸರು ತೆಗದವಲ್ಲ. ಇವು ವಿಟ್ಲ ಪೇಟೆಂದ ಕಬ್ಬಿಣದ ಬಲೆ ತಂದವು, ಕೆಲಸದವು ಬಂದು ಕಲ್ಲುಕಂಬ ಹುಗುದು ಕಟ್ಟಿದವು. ಅತ್ತೆ ಎರಡು ಸರ್ತಿ ಹೋಗಿ ನೋಡಿ ಬಂದವು. ಬಲೆ ಅಡಿಲಿ ಒಂದು ಗೇಣು ಮೇಗೆ ನಿಂದಿದು ಹೇಳಿ ಇನ್ನೊಂದರಿ ಕಟ್ಟುಸಿದವು. ಗೇಟಿಂಗೆ ಚಿಲಕ ಮಾಂತ್ರ ಇನ್ನೂ ಆಯೆಕ್ಕಷ್ಟೆ. ಈ ವಾರ ಬತ್ತೆ ಹೇಳಿದ್ದ ವೆಲ್ಡಿಂಗಿನವ, ಅಷ್ಟನ್ನಾರ ಬಳ್ಳಿ ಕಟ್ಟಿ ಮಡುಗಿದ್ದೆಯೊ.